ಒಂದು ಹಾಡಿಗೆ ಎಷ್ಟು ಜನ ಯಜಮಾನರು?

ತುಮಕೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗನೊಬ್ಬ ನನಗೆ ಪರಿಚಯ. ವರಪೂಜೆಯಿಂದ ಹಿಡಿದು ಅರುಂಧತಿ ನಕ್ಷತ್ರ ತೋರಿಸುವವರೆಗೆ ಎಲ್ಲವನ್ನೂ ಹತ್ತು ನಿಮಿಷಕ್ಕೆ ಇಳಿಸಿ, ಹಿಂದೆ ಒಂದು ಹಳೆಯ ಸಿನಿಮಾ ಹಾಡು ಕೂರಿಸಿ, ತನ್ನ ಯೂಟ್ಯೂಬ್ ಚಾನೆಲ್ಲಿಗೆ ಹಾಕುತ್ತಾನೆ. ಒಂದು ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡಿದ. ‘ಅಣ್ಣಾ, ಸ್ಟ್ರೈಕ್ ಬಿದ್ದಿದೆ. ಚಾನೆಲ್ ಹೋಗುತ್ತಾ?’ ಅವನಿಗೆ ಬಂದ ಮೇಲ್ ತರಿಸಿಕೊಂಡು ನೋಡಿದೆ. ಅದು ಸ್ಟ್ರೈಕ್ ಅಲ್ಲ, ಕ್ಲೇಮ್. ವಿಡಿಯೊ ಇದ್ದಲ್ಲೇ ಇರುತ್ತದೆ, ಜಾಹೀರಾತಿನ ದುಡ್ಡು ಮಾತ್ರ ಆಡಿಯೊ ಕಂಪನಿಗೆ ಹೋಗುತ್ತದೆ ಅಂದೆ. ಅವನಿಗೆ ಸಮಾಧಾನವಾಗಲಿಲ್ಲ. ‘ಹಾಡು ನಾನು ದುಡ್ಡು ಕೊಟ್ಟೇ ತಗೊಂಡಿದ್ದು. ಕೆಳಗೆ ಸಿನಿಮಾ ಹೆಸರು, ಸಂಗೀತ ನಿರ್ದೇಶಕರ ಹೆಸರು ಎಲ್ಲಾ ಹಾಕಿದ್ದೀನಿ. ಇನ್ನೇನು ಮಾಡಬೇಕಿತ್ತು?’

ಅವನೊಬ್ಬನ ಪ್ರಶ್ನೆ ಅಲ್ಲ ಇದು. 2020ರಿಂದೀಚೆಗೆ ಕನ್ನಡದ ಆಡಿಯೊ ಕಂಪನಿಗಳು, ಸಿನಿಮಾದವರು, ರ‍್ಯಾಪರ್‌ಗಳ ಸುತ್ತ ಎದ್ದ ಗಲಾಟೆಗಳನ್ನು ನೆನಪಿಸಿಕೊಳ್ಳಿ. ಕಾಂತಾರದ ‘ವರಾಹ ರೂಪಂ’, ಭಾರತ್ ಜೋಡೊ ಯಾತ್ರೆಯಲ್ಲಿ ಕೇಳಿದ ಕೆಜಿಎಫ್ ಹಾಡು, ರಕ್ಷಿತ್ ಶೆಟ್ಟಿ ಮೇಲಿನ ದೂರು, ಚಂದನ್ ಶೆಟ್ಟಿಯ ‘ಕೋಲುಮಂಡೆ’. ಪ್ರತಿ ಸಲವೂ ಫೇಸ್‌ಬುಕ್ಕಿನಲ್ಲಿ ಎರಡು ಪಂಗಡ. ಒಂದು ‘ಕಳ್ಳತನ’ ಅನ್ನುತ್ತದೆ, ಇನ್ನೊಂದು ‘ಹೊಟ್ಟೆಕಿಚ್ಚು’ ಅನ್ನುತ್ತದೆ. ಎರಡೂ ಕಡೆಯವರು ಹಾಡನ್ನು ಒಂದು ಸೈಟಿನ ಹಾಗೆ ನೋಡುತ್ತಾರೆ. ಖಾತೆ ಯಾರ ಹೆಸರಲ್ಲಿದೆಯೋ ಅವನದ್ದು, ಮುಗಿಯಿತು. ಆದರೆ ಹಾಡು ಸೈಟಲ್ಲ, ಹಳೆಯ ಒಟ್ಟು ಕುಟುಂಬದ ಮನೆ. ಹಜಾರ ಒಬ್ಬನದು, ಅಟ್ಟ ಇನ್ನೊಬ್ಬನದು, ಹಿತ್ತಲ ಬಾವಿಯಲ್ಲಿ ಮೂರನೆಯವನಿಗೂ ಪಾಲು. ಜಗಳ ಎದ್ದಾಗ ಮೊದಲು ಕೇಳಬೇಕಾದ್ದು ಯಾವ ಕೋಣೆಯ ಬಗ್ಗೆ ಜಗಳ ಅಂತ.

ಈ ಕೋಣೆಗಳು ನಮ್ಮ ನಾಡಗೀತೆಯಲ್ಲಿ ಕಾಣಿಸಿದಷ್ಟು ಚೆನ್ನಾಗಿ ಬೇರೆಲ್ಲೂ ಕಾಣಿಸವು. ಪದಗಳು ಕುವೆಂಪು ಅವರವು. 2004ರ ಜನವರಿಯಲ್ಲಿ ಅದು ಅಧಿಕೃತವಾಗಿ ನಾಡಗೀತೆಯಾಯಿತು. ಆದರೆ ಅದಕ್ಕೆ ಮೈಸೂರು ಅನಂತಸ್ವಾಮಿ ಒಂದು ಧಾಟಿ ಹಾಕಿದ್ದರು, ಸಿ. ಅಶ್ವತ್ಥ್ ಇನ್ನೊಂದು ಧಾಟಿ ಹಾಕಿದ್ದರು. ಯಾವುದನ್ನು ಹಾಡಬೇಕು ಎಂಬ ಚರ್ಚೆ ವರ್ಷಗಟ್ಟಲೆ ಎಳೆದು, 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕು ಎಂದು ಆದೇಶ ಹೊರಡಿಸಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು, 2024ರಲ್ಲಿ ಅರ್ಜಿ ವಜಾ ಆಯಿತು. ಅದು ಹಕ್ಕುಸ್ವಾಮ್ಯದ ಮೊಕದ್ದಮೆ ಆಗಿರಲಿಲ್ಲ. ಆದರೂ ಒಂದು ವಿಷಯ ಕಣ್ಣಿಗೆ ಹೊಡೆಯುವಂತಿದೆ: ಸಾಹಿತ್ಯದ ಒಂದಕ್ಷರವೂ ಬದಲಾಗದೆ ಹಾಡು ಎರಡಾಗಬಲ್ಲದು.

1957ರ ಹಕ್ಕುಸ್ವಾಮ್ಯ ಕಾಯ್ದೆ ಹೇಳುವುದೂ ಇದನ್ನೇ. ಪದಗಳು ಒಂದು ಕೃತಿ. ಟ್ಯೂನ್ ಇನ್ನೊಂದು ಕೃತಿ. ಸಂಗೀತ ಕೃತಿ ಅಂದರೆ ಪದಗಳನ್ನು ಬಿಟ್ಟು ಉಳಿದದ್ದು ಎಂದೇ ಕಾಯ್ದೆಯ ವ್ಯಾಖ್ಯೆ. ಸ್ಟುಡಿಯೊದಲ್ಲಿ ಮುದ್ರಿಸಿಕೊಂಡ ಧ್ವನಿ ಮೂರನೆಯದು. ಇವುಗಳ ಆಯಸ್ಸೂ ಬೇರೆ ಬೇರೆ. ಪದಗಳಿಗೆ ಮತ್ತು ಟ್ಯೂನಿಗೆ, ಬರೆದವರು ತೀರಿಕೊಂಡ ಮೇಲೆ 60 ವರ್ಷ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಪದ್ಯಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ರೆಕಾರ್ಡಿಂಗಿಗೆ ಬಿಡುಗಡೆಯಾದ ಮೇಲೆ 60 ವರ್ಷ. ಬಸವಣ್ಣನ ವಚನಕ್ಕೆ ಯಾರೂ ಯಜಮಾನರಲ್ಲ, ಆದರೆ ಅದನ್ನು ಹೋದ ವರ್ಷ ಯಾರೋ ಹಾಡಿ ಬಿಟ್ಟ ರೆಕಾರ್ಡಿಂಗಿಗೆ ಯಜಮಾನರಿದ್ದಾರೆ. ‘ವಚನ ತಾನೇ’ ಎಂದು ಆ ಆಡಿಯೊ ಎತ್ತಿಕೊಂಡವರಿಗೆ ಕ್ಲೇಮ್ ಬಂದಾಗ ಆಗುವ ಆಶ್ಚರ್ಯ ನೋಡುವಂತಿರುತ್ತದೆ.

ಇದರ ಮೇಲೆ ಯಾರಿಂದ ಯಾರಿಗೆ ಎಷ್ಟು ಕೈ ಬದಲಾಗಿದೆ ಎಂಬ ಲೆಕ್ಕ. ಸಿನಿಮಾದಲ್ಲಿ ದುಡ್ಡು ಕೊಟ್ಟು ಹಾಡು ಮಾಡಿಸಿದ ನಿರ್ಮಾಪಕನೇ ಮೊದಲ ಯಜಮಾನ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತ್ತು. ನಿರ್ಮಾಪಕ ಅದನ್ನು ಆಡಿಯೊ ಕಂಪನಿಗೆ ಮಾರುತ್ತಿದ್ದ. ಬರೆದವರಿಗೆ, ಟ್ಯೂನ್ ಹಾಕಿದವರಿಗೆ ಒಂದು ಸಲದ ಸಂಭಾವನೆ, ಒಂದು ಶಾಲು. 2012ರ ತಿದ್ದುಪಡಿ ಇದನ್ನು ಸ್ವಲ್ಪ ತಿರುಗಿಸಿತು. ಹಾಡು ಚಿತ್ರಮಂದಿರದ ಆಚೆ ಬಳಕೆಯಾದಾಗ ಬರುವ ರಾಯಧನದಲ್ಲಿ ಕವಿಗೂ ಸಂಗೀತಗಾರನಿಗೂ ಸಮಪಾಲು, ಆ ಪಾಲನ್ನು ಅವರು ಬರೆದುಕೊಟ್ಟರೂ ಅದು ಸಲ್ಲುವುದಿಲ್ಲ. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಪಟ್ಟು ಹಿಡಿದಿದ್ದರು. 2017ರಲ್ಲಿ ಇಳಯರಾಜ ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಎಸ್‌ಪಿಬಿ ಅವರಿಗೆ ನೋಟಿಸ್ ಕಳಿಸಿದಾಗ ‘ಹಾಡಿದವರಿಗೇ ನೋಟಿಸಾ?’ ಎಂದು ಎಲ್ಲರೂ ಹೌಹಾರಿದೆವು. ಹಾಡಿದ ದನಿ ಅವರದ್ದಾದರೂ ಟ್ಯೂನಿನ ಕೋಣೆ ಅವರದ್ದಾಗಿರಲಿಲ್ಲ. ಮನಸ್ಸಿಗೆ ಒಪ್ಪುವ ಮಾತಲ್ಲ, ನನಗೂ ಒಪ್ಪಲಿಲ್ಲ.

ಈಗ 2022ಕ್ಕೆ ಬರೋಣ. ಆ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂತು. ಸಿನಿಮಾ ಪುಟಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹಕ್ಕುಸ್ವಾಮ್ಯ ಉಲ್ಲಂಘನೆಯ ಅಪರಾಧ ಸಂಜ್ಞೇಯ, ಜಾಮೀನುರಹಿತ ಎಂದು ಕೋರ್ಟ್ ಹೇಳಿತು. ಅಂದರೆ ದೂರು ಕೊಟ್ಟರೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಎಫ್‌ಐಆರ್ ಹಾಕಬಹುದು. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ. ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಬೇಕಾದ ‘ಈ ಕೋಣೆ ಯಾರದ್ದು’ ಎಂಬ ವಾದ ಹೀಗೆ ಠಾಣೆಯ ಮೆಟ್ಟಿಲಿಗೆ ಬಂತು. ಆ ಶರತ್ಕಾಲದ ಎರಡೂ ದೊಡ್ಡ ಗಲಾಟೆಗಳಲ್ಲಿ ಪೊಲೀಸರು ಯಾಕೆ ಬಂದರು ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಸೆಪ್ಟೆಂಬರ್ 30ರಂದು ಭಾರತ್ ಜೋಡೊ ಯಾತ್ರೆ ಗುಂಡ್ಲುಪೇಟೆಯ ಮೂಲಕ ಕರ್ನಾಟಕ ಪ್ರವೇಶಿಸಿತು. ಅದೇ ದಿನ ಕಾಂತಾರ ತೆರೆಕಂಡಿತು. ಕಾಕತಾಳೀಯ ಅಷ್ಟೇ, ಆದರೆ ಕಥೆ ಹೇಳುವವನಿಗೆ ಅನುಕೂಲ.

ಯಾತ್ರೆಯ ಪ್ರಚಾರದ ವಿಡಿಯೊಗಳಿಗೆ ಕೆಜಿಎಫ್ ಎರಡನೇ ಭಾಗದ ಹಿಂದಿ ಹಾಡು ಕೂರಿಸಲಾಗಿದೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಯಶವಂತಪುರ ಠಾಣೆಗೆ ದೂರು ಕೊಟ್ಟಿತು. ರಾಹುಲ್ ಗಾಂಧಿ, ಜೈರಾಂ ರಮೇಶ್, ಸುಪ್ರಿಯಾ ಶ್ರೀನೇತ್ ಹೆಸರು ದೂರಿನಲ್ಲಿದ್ದವು. ಇಲ್ಲಿ ಟ್ಯೂನ್ ಹೋಲುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಇದ್ದದ್ದು ರೆಕಾರ್ಡಿಂಗನ್ನೇ ತಂದು ಬೇರೆ ದೃಶ್ಯಕ್ಕೆ ಜೋಡಿಸಿದ ಆರೋಪ. ಒಂದು ಹಾಡನ್ನು ಕೇಳಲು ಪರವಾನಗಿ ಇರುವುದು ಬೇರೆ, ಅದನ್ನು ದೃಶ್ಯಕ್ಕೆ ಹೊಂದಿಸಲು ಬೇಕಾದ ಪರವಾನಗಿ ಬೇರೆ. ತುಮಕೂರಿನ ಹುಡುಗ ದುಡ್ಡು ಕೊಟ್ಟು ಕೊಂಡದ್ದು ಮೊದಲನೆಯದು ಮಾತ್ರ. ಹೀಗೆ ನೋಡಿದರೆ ರಾಷ್ಟ್ರೀಯ ಪಕ್ಷದ ಮೇಲಿನ ಆರೋಪವೂ ಮದುವೆ ವಿಡಿಯೊದ ಹುಡುಗನ ತಪ್ಪೂ ಒಂದೇ ಜಾತಿಯವು.

ಆಮೇಲಾದದ್ದು ಇನ್ನೂ ದೊಡ್ಡದು. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಹೇಳಿತು. ಮರುದಿನವೇ ಹೈಕೋರ್ಟ್, ವಿವಾದದ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತು ಹಾಕಿ, ಆ ಆದೇಶವನ್ನು ರದ್ದು ಮಾಡಿತು. ಬಾಡಿಗೆದಾರ ಒಂದು ಮೊಳೆ ಹೊಡೆದ ಅಂತ ಇಡೀ ಬೀದಿಗೆ ಬೀಗ ಹಾಕಿದಂತೆ ಇತ್ತು ಮೊದಲ ಆದೇಶ ಅಂತ ನನ್ನ ಅಭಿಪ್ರಾಯ. ಆದರೆ ಮೊಳೆ ಹೊಡೆದದ್ದೇ ಸುಳ್ಳಾಗುವುದಿಲ್ಲ. ಎಫ್‌ಐಆರ್ ರದ್ದು ಮಾಡಿ ಎಂದು ಕೇಳಿದಾಗ 2023ರ ಜೂನಿನಲ್ಲಿ ಅದೇ ಹೈಕೋರ್ಟ್ ಒಪ್ಪಲಿಲ್ಲ. ಎರಡು ಆದೇಶಗಳನ್ನು ಒಟ್ಟಿಗೆ ಓದದವರು ತಮಗೆ ಬೇಕಾದ ಒಂದನ್ನು ಹಿಡಿದು ವಾಟ್ಸ್‌ಆ್ಯಪ್ಪಿನಲ್ಲಿ ಹಂಚಿದರು.

‘ವರಾಹ ರೂಪಂ’ ಗಲಾಟೆ ಬೇರೆಯದೇ ಕೋಣೆಯದು, ಮತ್ತು ನಿಜವಾಗಿ ಕಷ್ಟದ್ದು.

ಕೇರಳದ ತೈಕ್ಕುಡಂ ಬ್ರಿಡ್ಜ್ ಎಂಬ ಬ್ಯಾಂಡ್, ತಮ್ಮ ‘ನವರಸಂ’ ಹಾಡನ್ನು ಕಾಂತಾರದ ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ನಕಲು ಮಾಡಿದ್ದಾರೆ ಎಂದು ಆರೋಪಿಸಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಶಾಸ್ತ್ರೀಯ ಗಾಯನದ ಕೆಳಗೆ ಗುಡುಗುವ ಗಿಟಾರ್, ಸ್ವರಗಳು ಮೇಲೇರುವ ರೀತಿ, ಒಟ್ಟು ಆವೇಶ, ಎಲ್ಲದರಲ್ಲೂ ನಂಟಸ್ತಿಕೆ ಕಾಣಿಸುತ್ತದೆ. ಕೇಳಿಸುವುದಿಲ್ಲ ಎನ್ನುವವರು ಅಭಿಮಾನದಲ್ಲಿ ಕಿವಿ ಮುಚ್ಚಿಕೊಂಡಿದ್ದಾರೆ ಅಂತಲೇ ನನಗನ್ನಿಸುತ್ತದೆ. ಆದರೆ ನಂಟಸ್ತಿಕೆ ಇದ್ದಮಾತ್ರಕ್ಕೆ ಕಾನೂನಿನ ಪ್ರಕಾರ ಕಳ್ಳತನವಾಗಬೇಕಿಲ್ಲ.

ಕೋಣೆ ಕೋಣೆಯಾಗಿ ನೋಡೋಣ. ಪದಗಳ ಬಗ್ಗೆ ತಕರಾರಿಲ್ಲ. ಶಶಿರಾಜ್ ಕಾವೂರು ಬರೆದದ್ದು ದೈವದ ವರ್ಣನೆ, ಮಲಯಾಳಿಗಳ ಹಾಡಿಗೂ ಅದಕ್ಕೂ ಸಂಬಂಧವಿಲ್ಲ. ರೆಕಾರ್ಡಿಂಗ್ ಬಗ್ಗೆಯೂ ಇಲ್ಲ. ಬ್ಯಾಂಡಿನ ಆಡಿಯೊ ಕತ್ತರಿಸಿ ಅಂಟಿಸಿದ್ದಾರೆ ಎಂದು ಯಾರೂ ಹೇಳಲಿಲ್ಲ. ಉಳಿದದ್ದು ಟ್ಯೂನ್ ಮತ್ತು ಅದನ್ನು ಕಟ್ಟಿದ ಬಗೆ. ಚಿತ್ರತಂಡದ ಉತ್ತರ ರಾಗದ ಕಡೆ ಬೊಟ್ಟು ಮಾಡಿತು. ರಾಗ ಒಂದೇ ಆದಾಗ ಹೋಲಿಕೆ ಬಂದೇ ಬರುತ್ತದೆ ಎಂದರು. ಮಾತು ಅರ್ಧ ಸರಿ. ತೋಡಿ ರಾಗ ಯಾರಪ್ಪನ ಆಸ್ತಿಯೂ ಅಲ್ಲ. ನಾಟಕ ಮತ್ತು ಸಿನಿಮಾ ನಡುವಿನ ಒಂದು ಜಗಳದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದ ಮಾತು ಇವತ್ತಿಗೂ ಅಳತೆಗೋಲು: ಕಲ್ಪನೆಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕಿದೆ. ರಾಗ ಕಲ್ಪನೆಯ ಕಡೆಗೆ ಬೀಳುತ್ತದೆ. ಶಾಸ್ತ್ರೀಯ ಗಾಯನಕ್ಕೆ ರಾಕ್ ಗಿಟಾರ್ ಬೆರೆಸುವ ಶೈಲಿಯೂ ಅಷ್ಟೇ. ಆದರೆ ಅದೇ ರಾಗದೊಳಗೆ ಇದೇ ಸ್ವರದಿಂದ ಎತ್ತಿ, ಇಲ್ಲಿ ನಿಲ್ಲಿಸಿ, ಇಲ್ಲಿ ಗಿಟಾರ್ ಬಿಡಬೇಕು ಎಂಬ ನಿರ್ದಿಷ್ಟ ಆಯ್ಕೆಗಳ ಸರಣಿ ಇದೆಯಲ್ಲ, ಅದು ಅಭಿವ್ಯಕ್ತಿ. ಎರಡರ ನಡುವಿನ ಗೆರೆ ಎಲ್ಲಿ ಎಂಬುದನ್ನು ಸ್ವರ ಸ್ವರ ಬಿಡಿಸಿ ವಿದ್ವಾಂಸರ ಮುಂದೆ ಸಾಕ್ಷಿ ಹೇಳಿಸಿ ತೀರ್ಮಾನಿಸಬೇಕು. ಕಾಮೆಂಟ್ ಬಾಕ್ಸಿನಲ್ಲಿ ಆಗುವ ಕೆಲಸವಲ್ಲ.

ಆದದ್ದು ಬೇರೆ. ಅಕ್ಟೋಬರ್ 28ರಂದು ಕೋಯಿಕ್ಕೋಡಿನ ಜಿಲ್ಲಾ ನ್ಯಾಯಾಲಯದಿಂದ ತಡೆಯಾಜ್ಞೆ ಬಂತು. ಯೂಟ್ಯೂಬಿನಿಂದ ಹಾಡು ಇಳಿಯಿತು. ನವೆಂಬರ್ 24ರಂದು ಸಿನಿಮಾ ಓಟಿಟಿಗೆ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಆ ಕೊನೆಯ ದೃಶ್ಯಕ್ಕಾಗಿ ಕಾದು ಕೂತಿದ್ದೆವು. ಪದಗಳು ಅವೇ, ಟ್ಯೂನ್ ಬೇರೆ. ಅತ್ತೆ ‘ಇದೇನೋ ಉಪ್ಪಿಲ್ಲದ ಸಾರು’ ಅಂದು ಎದ್ದು ಹೋದರು. ನಾಡಗೀತೆಯಲ್ಲಿ ಕಂಡ ವಿಷಯವೇ ಇಲ್ಲಿ ಕಾನೂನಿನ ಒತ್ತಡದಿಂದ ನಡೆದಿತ್ತು. ಜಗಳವಿಲ್ಲದ ಕೋಣೆ ಉಳಿಸಿಕೊಂಡು, ಜಗಳದ ಕೋಣೆ ಮಾತ್ರ ಖಾಲಿ ಮಾಡಿದ್ದರು. ಒಂದೇ ದಿನ ಕಳೆಯುವುದರೊಳಗೆ ಕೋಯಿಕ್ಕೋಡಿನ ತಡೆ ತೆರವಾಯಿತು. ‘ಗೆದ್ದೆವು’ ಎಂದು ನಮ್ಮವರು ಪಟಾಕಿ ಹಾರಿಸಿದರು. ಆದರೆ ತಡೆ ತೆರವಾದದ್ದು ಆ ನ್ಯಾಯಾಲಯದ ವ್ಯಾಪ್ತಿಗೆ ಈ ದಾವೆ ಬರುವುದಿಲ್ಲ ಎಂಬ ಕಾರಣಕ್ಕೆ. ತೀರ್ಮಾನ ಆದದ್ದು ಊರಿನ ಬಗ್ಗೆ, ರಾಗದ ಬಗ್ಗೆ ಅಲ್ಲ. 2023ರ ಫೆಬ್ರುವರಿಯಲ್ಲಿ, ಇದೇ ಹಾಡಿನ ಪೊಲೀಸ್ ಪ್ರಕರಣದಲ್ಲಿ, ಕೇರಳ ಹೈಕೋರ್ಟ್ ನಿರ್ಮಾಪಕ ಮತ್ತು ನಿರ್ದೇಶಕರಿಗೆ ನಿರೀಕ್ಷಣಾ ಜಾಮೀನು ಕೊಡುವಾಗ, ಆ ಹಾಡಿನೊಂದಿಗೆ ಸಿನಿಮಾ ಪ್ರದರ್ಶಿಸಬಾರದು ಎಂಬ ಷರತ್ತು ಸೇರಿಸಿತ್ತು. ಸುಪ್ರೀಂ ಕೋರ್ಟ್ ಆ ಷರತ್ತಿಗೆ ತಡೆ ಕೊಟ್ಟಿತು. ಜಾಮೀನಿನ ಅರ್ಜಿಯಲ್ಲಿ ಹಕ್ಕುಸ್ವಾಮ್ಯದ ಜಗಳ ಬಗೆಹರಿಸಬಾರದು ಎಂಬುದು ಅದರ ಧೋರಣೆ. ಅದೂ ರಾಗದ ಬಗ್ಗೆ ಅಲ್ಲ.

ಮೂರನೆಯ ಪ್ರಕರಣ ಸಣ್ಣದು, ಆದರೆ ರೀಲ್ಸ್ ಮಾಡುವವರಿಗೆ ಹೆಚ್ಚು ತಾಗುವಂಥದ್ದು. 2024ರ ಜನವರಿಯಲ್ಲಿ ಬಿಡುಗಡೆಯಾದ ‘ಬ್ಯಾಚುಲರ್ ಪಾರ್ಟಿ’ ಸಿನಿಮಾದಲ್ಲಿ ‘ನ್ಯಾಯ ಎಲ್ಲಿದೆ’ ಮತ್ತು ‘ಗಾಳಿಮಾತು’ ಚಿತ್ರಗಳ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಿದ್ದಾರೆ ಎಂದು ಇದೇ ಎಂಆರ್‌ಟಿ ಮ್ಯೂಸಿಕ್ ರಕ್ಷಿತ್ ಶೆಟ್ಟಿ ಮತ್ತು ಅವರ ಪರಂವಃ ಸ್ಟುಡಿಯೋಸ್ ಮೇಲೆ ದೂರು ಕೊಟ್ಟಿತು. ದೆಹಲಿ ಹೈಕೋರ್ಟ್ 20 ಲಕ್ಷ ರೂಪಾಯಿ ಠೇವಣಿ ಇಡಲು ಹೇಳಿತು. ‘ನಲವತ್ತು ವರ್ಷದ ಹಳೇ ಹಾಡು, ಅದಕ್ಕೂ ಕೇಸಾ?’ ಎಂದು ಆಗ ಕೇಳಿದವರೇ ಹೆಚ್ಚು. ‘ಗಾಳಿಮಾತು’ 1981ರದು. ಲೆಕ್ಕ ಹಾಕಿ: ಅದರ ರೆಕಾರ್ಡಿಂಗಿನ ಹಕ್ಕು 2041ರ ಕೊನೆಯವರೆಗೆ ಉಸಿರಾಡುತ್ತಿರುತ್ತದೆ. ಕ್ಯಾಸೆಟ್ ಅಂಗಡಿಗಳು ಮುಚ್ಚಿದವು, ಕ್ಯಾಸೆಟ್ ಕಾಲದ ಕರಾರು ಪತ್ರಗಳು ಮುಚ್ಚಲಿಲ್ಲ. ಯೂಟ್ಯೂಬ್ ಬಂದ ಮೇಲೆ ಆ ಹಳದಿ ಕಾಗದಗಳಿಗೆ ಹೊಸದಾಗಿ ಬೆಲೆ ಬಂದಿದೆ.

ಇನ್ನೊಂದು ನಂಬಿಕೆ ಇದೆ, ಹತ್ತು ಸೆಕೆಂಡಿನವರೆಗೆ ಬಳಸಿದರೆ ತೊಂದರೆಯಿಲ್ಲ ಅಂತ. ಕೆಲವರು ಏಳು ಸೆಕೆಂಡ್ ಅನ್ನುತ್ತಾರೆ, ಕೆಲವರು ಮೂವತ್ತು. ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕವೇ ಇಲ್ಲ. ಟಿವಿ ಕಾರ್ಯಕ್ರಮವೊಂದರಲ್ಲಿ ಗಾಯಕಿಯೊಬ್ಬರು ಸಿನಿಮಾ ಹಾಡಿನ ಕೆಲವು ಸಾಲು ಹಾಡಿದ್ದನ್ನು ದೆಹಲಿ ಹೈಕೋರ್ಟ್ 2012ರಲ್ಲಿ ಗಣನೆಗೆ ಬಾರದಷ್ಟು ಚಿಕ್ಕ ಬಳಕೆ ಎಂದು ಬಿಟ್ಟಿದ್ದುಂಟು. ಅದು ಆ ಸಂದರ್ಭ ನೋಡಿ ಹೇಳಿದ್ದು, ಗಡಿಯಾರ ನೋಡಿ ಅಲ್ಲ. ಕವರ್ ಸಾಂಗ್ ಹಾಡುವವರ ‘ನಾನೇ ಹಾಡಿದ್ದಲ್ವಾ’ ವಾದವೂ ಇಂಥದ್ದೇ. ನೀವು ಹಾಡಿದ್ದರಿಂದ ರೆಕಾರ್ಡಿಂಗ್ ನಿಮ್ಮದಾಯಿತು, ಪದ ಮತ್ತು ಟ್ಯೂನ್ ನಿಮ್ಮದಾಗಲಿಲ್ಲ.

ಕೋರ್ಟಿನ ಮಾತು ಇಷ್ಟು. ಆದರೆ ಹೆಚ್ಚಿನ ಜಗಳಗಳು ಕೋರ್ಟಿನವರೆಗೆ ಹೋಗುವುದೇ ಇಲ್ಲ, ಯೂಟ್ಯೂಬಿನ ಯಂತ್ರದಲ್ಲೇ ಮುಗಿಯುತ್ತವೆ. ಆಡಿಯೊ ಕಂಪನಿಗಳು ತಮ್ಮ ಹಾಡುಗಳನ್ನು ಕಂಟೆಂಟ್ ಐಡಿ ಎಂಬ ವ್ಯವಸ್ಥೆಗೆ ಕೊಟ್ಟಿರುತ್ತವೆ. ಅದು ಪ್ರತಿ ಹಾಡಿನ ಬೆರಳಚ್ಚಿನಂಥದ್ದನ್ನು ಇಟ್ಟುಕೊಂಡು, ಏರಿಸಿದ ಪ್ರತಿ ವಿಡಿಯೊಕ್ಕೂ ತಾಳೆ ನೋಡುತ್ತದೆ. ಹೊಂದಿಕೊಂಡರೆ ಕ್ಲೇಮ್. ಕಂಪನಿ ಬಯಸಿದರೆ ದುಡ್ಡು ತನ್ನ ಕಡೆ ತಿರುಗಿಸಿಕೊಳ್ಳಬಹುದು, ಇಲ್ಲವೇ ವಿಡಿಯೊ ಕಾಣದಂತೆ ಮಾಡಬಹುದು. ಸ್ಟ್ರೈಕ್ ಹಾಗಲ್ಲ, ಅದು ಮನುಷ್ಯರು ಕಾನೂನುಬದ್ಧವಾಗಿ ಕೊಡುವ ದೂರು. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ದೂರು ತಪ್ಪು ಅನ್ನಿಸಿದರೆ ಪ್ರತಿ ನೋಟಿಸ್ ಕೊಡಲು ದಾರಿಯಿದೆ. ದೂರುದಾರ ಹತ್ತು ಕೆಲಸದ ದಿನಗಳಲ್ಲಿ ಕೋರ್ಟಿಗೆ ಹೋದ ದಾಖಲೆ ತೋರಿಸದಿದ್ದರೆ ವಿಡಿಯೊ ವಾಪಸ್ ಬರುತ್ತದೆ. ಈ ನಿಯಮದ ಬೇರು ಅಮೆರಿಕದ 1998ರ ಕಾಯ್ದೆಯಲ್ಲಿದೆ. ನಮ್ಮ ಕಾಯ್ದೆಯಲ್ಲೂ ಅಂಥದ್ದೇ ಒಂದು ಏರ್ಪಾಡಿದೆ: ದೂರು ಬಂದರೆ ಜಾಲತಾಣ 21 ದಿನ ತಡೆಹಿಡಿಯಬೇಕು, ಅಷ್ಟರೊಳಗೆ ಕೋರ್ಟ್ ಆದೇಶ ಬರದಿದ್ದರೆ ತಡೆ ಮುಂದುವರಿಸಬೇಕಿಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪ್ರತಿ ನೋಟಿಸಿನಲ್ಲಿ ತನ್ನ ನಿಜ ಹೆಸರು, ವಿಳಾಸ ಬರೆದು ದೊಡ್ಡ ಕಂಪನಿಯ ವಕೀಲರ ಕೈಗೆ ಕೊಡಲು ತುಮಕೂರಿನ ಹುಡುಗನಿಗೆ ಎಷ್ಟು ಧೈರ್ಯ ಬರಬೇಕು? ಹೆಚ್ಚಿನವರು ವಿಡಿಯೊ ಅಳಿಸಿ ಸುಮ್ಮನಾಗುತ್ತಾರೆ.

ಇಷ್ಟು ಹೊತ್ತು ಯಜಮಾನರಿರುವ ಹಾಡುಗಳ ಕಥೆ ಆಯಿತು. ‘ಕೋಲುಮಂಡೆ’ಯ ಕಥೆ ತದ್ವಿರುದ್ಧ. 2020ರ ಗಣೇಶನ ಹಬ್ಬದ ಹೊತ್ತಿಗೆ ಚಂದನ್ ಶೆಟ್ಟಿ ಈ ಜನಪದ ಹಾಡನ್ನು ಹೊಸ ಬೀಟಿಗೆ ಹಾಕಿ ಆನಂದ್ ಆಡಿಯೊ ಮೂಲಕ ಬಿಟ್ಟರು. ನೋಡಿದವರ ಸಂಖ್ಯೆ ಏರಿತು, ಜೊತೆಗೇ ಸಿಟ್ಟೂ ಏರಿತು. ಆ ವಿಡಿಯೊದಲ್ಲಿ ಬರುವ ಸಂಕಮ್ಮ, ಮಲೆ ಮಹದೇಶ್ವರನ ಕಾವ್ಯದಲ್ಲಿ ಶಿವಶರಣೆ. ಹೆಜ್ಜೇನು ಕೀಳಲು ಕಾಡಿಗೆ ಹೊರಟ ಗಂಡ ನೀಲಯ್ಯ ಅನುಮಾನಪಟ್ಟು ಕೊಡುವ ಹಿಂಸೆಯನ್ನು ನುಂಗಿಕೊಂಡು ಮಾದಪ್ಪನನ್ನು ಮೊರೆಹೋಗುವ ಹೆಣ್ಣು. ಕಂಸಾಳೆಯವರು ರಾತ್ರಿಯಿಡೀ ಹಾಡುವ ‘ಸಂಕಮ್ಮನ ಸಾಲಿ’ನಲ್ಲಿ ಕೇಳುವವರ ಕಣ್ಣು ಒದ್ದೆಯಾಗುವ ಜಾಗ ಅದು. ಅಂಥವಳನ್ನು ವಿಡಿಯೊದಲ್ಲಿ ಮಾದಕವಾಗಿ ತೋರಿಸಿದ್ದು ಚಾಮರಾಜನಗರ, ಮೈಸೂರು, ಮಂಡ್ಯ ಸೀಮೆಯ ಭಕ್ತರಿಗೆ ನುಂಗಲಾರದ ತುತ್ತಾಯಿತು. ಚಂದನ್ ಕ್ಷಮೆ ಕೇಳಿದರು, ಹಾಡನ್ನು ಯೂಟ್ಯೂಬಿನಿಂದ ತೆಗೆಯಲಾಯಿತು.

ಹಕ್ಕುಸ್ವಾಮ್ಯದ ಕಾಯ್ದೆ ಇಲ್ಲಿ ಮೂಕ. ಬರೆದವರ ಹೆಸರೇ ಇಲ್ಲದ, ಬಾಯಿಂದ ಬಾಯಿಗೆ ಬಂದ ಹಾಡನ್ನು ಯಾರು ಬೇಕಾದರೂ ಹಾಡಬಹುದು, ಯಾವ ಬೀಟಿಗೆ ಬೇಕಾದರೂ ಕೂರಿಸಬಹುದು. ಕಂಸಾಳೆ ಹಿಡಿದು ಮನೆಮನೆಗೆ ಹೋಗಿ ಅದನ್ನು ಇಷ್ಟು ದಿನ ಬದುಕಿಸಿದ ದೇವರ ಗುಡ್ಡರಿಗೆ ರಾಯಧನವೂ ಇಲ್ಲ, ಬೇಡ ಅನ್ನುವ ಅಧಿಕಾರವೂ ಇಲ್ಲ. ವಿಚಿತ್ರವೆಂದರೆ, ಹಾಗೆ ಮಾಡಿದ ಹೊಸ ರೆಕಾರ್ಡಿಂಗಿಗೆ ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. ಆದರೂ ಕೋರ್ಟು, ಸ್ಟ್ರೈಕು, ಕ್ಲೇಮು ಯಾವುದೂ ಇಲ್ಲದೆ ಆ ಹಾಡು ಇಳಿದು ಹೋಯಿತು. ಮಾದಪ್ಪನ ಒಕ್ಕಲಿಗೆ ಇದ್ದದ್ದು ಕಾಗದದ ಮೇಲಿನ ಹಕ್ಕಲ್ಲ. ಅವರ ಸಿಟ್ಟು ನ್ಯಾಯವಾದದ್ದು ಅಂತಲೇ ನನಗನ್ನಿಸಿತು. ಹಾಗೆಯೇ, ನಾಳೆ ಒಬ್ಬ ಒಳ್ಳೆಯ ಕಲಾವಿದ ಸಂಕಮ್ಮನನ್ನು ಹೊಸ ಕಣ್ಣಿನಿಂದ ನೋಡಿದರೂ ಇದೇ ಸಿಟ್ಟು ಬರಬಹುದಲ್ಲ ಎಂಬ ಅಳುಕೂ ಇದೆ. ಇದನ್ನು ಅಳೆಯಲು ನನ್ನ ಹತ್ತಿರ ಕೋಲಿಲ್ಲ.

ತುಮಕೂರಿನ ಹುಡುಗನಿಗೆ ಇದನ್ನೆಲ್ಲ ಒಂದು ಭಾನುವಾರ ಕೂತು ಹೇಳಿದೆ. ಮದುವೆ ಮೆರವಣಿಗೆಯಲ್ಲಿ, ಮದುವೆ ಸಂಭ್ರಮದಲ್ಲಿ ಸಿನಿಮಾ ಹಾಡು ನುಡಿಸುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಅದನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದಕ್ಕೆ ಆ ವಿನಾಯಿತಿ ನೆರಳಾಗುವುದಿಲ್ಲ ಎಂದೂ ಹೇಳಿದೆ. ಜಾಣ ಹುಡುಗ, ಉಪಾಯ ಹುಡುಕಿದ. ಮುಂದಿನ ಮದುವೆಯಲ್ಲಿ ಸಿನಿಮಾ ಆಡಿಯೊ ಮುಟ್ಟಲೇ ಇಲ್ಲ. ಛತ್ರದ ಓಲಗದವರ ಮುಂದೆ ತನ್ನದೇ ಮೈಕ್ ಇಟ್ಟು, ಅವರಿಗೆ ಐನೂರು ರೂಪಾಯಿ ಹೆಚ್ಚು ಕೊಟ್ಟು, ನಾಗಸ್ವರ ರೆಕಾರ್ಡ್ ಮಾಡಿಕೊಂಡ. ಅದನ್ನೇ ವಿಡಿಯೊದ ಹಿಂದೆ ಕೂರಿಸಿದ. ಮೂರನೇ ದಿನ ಮತ್ತೆ ಫೋನು. ‘ಅಣ್ಣಾ, ಮತ್ತೆ ಕ್ಲೇಮ್ ಬಂದಿದೆ. ರೆಕಾರ್ಡಿಂಗ್ ನಂದೇ, ಹಾಡಿದವರೇ ಇಲ್ಲ!’

ಕೇಳಿಸು ಅಂದೆ. ಫೋನಿನಲ್ಲೇ ಹಾಕಿದ. ಓಲಗದ ಯಜಮಾನರು ಧಾರೆಯ ಹೊತ್ತಿಗೆ ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡಿನ ಪಲ್ಲವಿಯನ್ನೇ ಬಹಳ ಸೊಗಸಾಗಿ ನುಡಿಸಿದ್ದರು.